ಏರ್ ಪ್ಯೂರಿಫೈಯರ್ ಯಾವುದು ತಗೊಳ್ಳೋದು? ಶ್ವಾಸಕೋಶದ ಡಾಕ್ಟರ್ ಹತ್ರ ಕೇಳಿ

ಮಾರತ್‌ಹಳ್ಳಿ: ನಮಸ್ತೆ ಮೇಡಂ. ಮನೆ ಮುಂದೇನೇ ಮೆಟ್ರೋ ಕೆಲಸ, ಕಿಟಕಿ ತೆಗೆಯೋ ಹಾಗಿಲ್ಲ. 10×12 ಬೆಡ್‌ರೂಮಿಗೆ ಎಂಥದ್ದು ಬೇಕು?

ಡಾಕ್ಟರ್: ನಮಸ್ತೆ. ಡಬ್ಬದ ಮೇಲೆ ಸಿಎಡಿಆರ್ ನೋಡಿ, ಅಂದ್ರೆ ಮೆಷಿನ್ ಗಂಟೆಗೆ ಎಷ್ಟು ಘನಮೀಟರ್ ಶುದ್ಧ ಗಾಳಿ ಕೊಡುತ್ತೆ ಅನ್ನೋ ಅಂಕಿ. ಹತ್ತಡಿ ಎತ್ತರದ ಆ ರೂಮಲ್ಲಿ ಸುಮಾರು 34 ಘನಮೀಟರ್ ಗಾಳಿ ಇರುತ್ತೆ. ಗಂಟೆಗೆ ಐದು ಸಲ ಶೋಧಿಸೋಕೆ 170 ಬೇಕು. ಸದ್ದು ತಡೆಯಲಾರದೆ ರಾತ್ರಿ ಸ್ಪೀಡ್ ಇಳಿಸೇ ಇಳಿಸ್ತೀರಿ, ಹಾಗಾಗಿ 250ರದ್ದು ತಗೊಳ್ಳಿ. ಹೆಪಾ ಅಂದ್ರೆ ಸೂಕ್ಷ್ಮ ಧೂಳು ಹಿಡಿಯೋ ಫಿಲ್ಟರ್; ಬರೀ ‘ಹೆಪಾ ಟೈಪ್’ ಅಂತಿದ್ರೆ ಮುಟ್ಟಬೇಡಿ, ಎಚ್13 ಅನ್ನೋ ದರ್ಜೆ ಬರೆದಿರಲಿ.

ಯಲಹಂಕ: ಮಗಳಿಗೆ 7 ವರ್ಷ, ಆಸ್ತಮಾ. ‘ಆಕ್ಟಿವ್ ಆಕ್ಸಿಜನ್’ ಮೆಷಿನ್ ತಂದ್ವಿ, ಫಿಲ್ಟರೇ ಬೇಡ ಅಂದ್ರು. ರೂಮೆಲ್ಲ ಜೆರಾಕ್ಸ್ ಅಂಗಡಿ ಥರ ವಾಸನೆ. ರಾತ್ರಿ ಕೆಮ್ಮು ಮಾತ್ರ ಜಾಸ್ತಿ ಆಗಿದೆ. ಇನ್ಹೇಲರ್ ಬದಲಾಯಿಸಬೇಕಾ?

ಡಾಕ್ಟರ್: ಮೊದಲು ಆ ಮೆಷಿನ್ ಪ್ಲಗ್ ತೆಗೀರಿ, ಈಗಲೇ. ಆ ವಾಸನೆ ಓಝೋನ್. ಆಕಾಶದಲ್ಲಿ ಎತ್ತರದಲ್ಲಿದ್ದು ನಮ್ಮನ್ನ ಕಾಯೋ ಅನಿಲವೇ ಮೂಗಿಗೆ ಹೋದ್ರೆ ಶ್ವಾಸನಾಳದ ಒಳಪದರ ಕೆರಳಿಸುತ್ತೆ, ಆಸ್ತಮಾ ಇರೋ ಮಕ್ಕಳಿಗೆ ಇನ್ನೂ ಬೇಗ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಯಂತ್ರ ಹೊರಬಿಡೋ ಓಝೋನ್ ದಶಲಕ್ಷಕ್ಕೆ 0.05 ಭಾಗ ಮೀರಿದ್ರೆ ಮಾರೋ ಹಾಗೇ ಇಲ್ಲ. ಇನ್ನೊಂದು ವಿಷಯ: ನೆಲ ಒರೆಸೋಕೆ ನಿಂಬೆ ವಾಸನೆ ಲಿಕ್ವಿಡ್ ಹಾಕ್ತೀರಾ? ಓಝೋನ್ ಅದರ ಜೊತೆ ಸೇರಿ ಫಾರ್ಮಾಲ್ಡಿಹೈಡ್ ಅನ್ನೋ ವಿಷಾನಿಲ ಆಗುತ್ತೆ, ಕಣ್ಣಿಗೆ ಕಾಣದ ಸೂಕ್ಷ್ಮ ಕಣಗಳೂ ಹುಟ್ಟುತ್ವೆ. ದುಡ್ಡು ಕೊಟ್ಟು ಗಾಳಿ ಕೆಡಿಸಿಕೊಂಡ ಹಾಗೆ. ಇನ್ಹೇಲರ್ ನಿಲ್ಲಿಸಬೇಡಿ, ನೀವಾಗೇ ಬದಲಾಯಿಸಲೂಬೇಡಿ. ನಾಳೆನೇ ಮಗೂನ ಅವಳ ಡಾಕ್ಟರಿಗೆ ತೋರಿಸಿ. ಉಸಿರೆಳೆಯುವಾಗ ಪಕ್ಕೆ ಒಳಗೆ ಹೋಗ್ತಿದ್ರೆ, ಒಂದು ವಾಕ್ಯ ಪೂರ್ತಿ ಹೇಳೋಕಾಗದಿದ್ರೆ, ತುಟಿ ನೀಲಿಯಾದ್ರೆ ನಾಳೆವರೆಗೆ ಕಾಯಬೇಡಿ, ಎಮರ್ಜೆನ್ಸಿಗೆ ಹೋಗಿ.

ಬಸವನಗುಡಿ: ಫಾರ್ವರ್ಡ್ ಬಂದಿತ್ತು. ಮೆಷಿನ್ನೇ ಬೇಡವಂತೆ, ಮನಿ ಪ್ಲಾಂಟ್ ಇಟ್ಟು ಸಂಜೆ ಕರ್ಪೂರ, ಸಾಂಬ್ರಾಣಿ ಹಾಕಿದ್ರೆ ಗಾಳಿ ಶುದ್ಧ. ನಾಸಾನೇ ಹೇಳಿದೆಯಂತೆ.

ಡಾಕ್ಟರ್: 1989ರ ನಾಸಾ ಪ್ರಯೋಗ ಮುಚ್ಚಿದ ಸಣ್ಣ ಪೆಟ್ಟಿಗೆಗಳಲ್ಲಿ ಆಗಿದ್ದು, ನಿಮ್ಮ ಹಾಲಲ್ಲಲ್ಲ. ಸಾಂಬ್ರಾಣಿ ಅಂದ್ರೆ ಹೊಗೆ. ಮೇಲೆ ಒಬ್ಬರ ಮಗು ಕೆಮ್ಮುತ್ತಿದೆ, ಓದಿದ್ರಾ?

ಬಸವನಗುಡಿ: ನಮ್ಮಜ್ಜಿ ದಿನಾ ಹಾಕ್ತಿದ್ರು, 90 ವರ್ಷ ಬದುಕಿದ್ರು.

ಹೆಬ್ಬಾಳ: ನಿಮ್ಮಜ್ಜಿ ಮನೇಲಿ ತೊಟ್ಟಿ ಇತ್ತು ಸಾರ್, ಹೊಗೆ ಮೇಲಕ್ಕೆ ಹೋಗ್ತಿತ್ತು. ನಾವಿರೋದು ಟೂ ಬಿಎಚ್‌ಕೆ.

ಬಸವನಗುಡಿ: ಡೀಸೆಲ್ ಲಾರಿ ಬಗ್ಗೆ ಯಾರೂ ಮಾತಾಡಲ್ಲ, ದೇವರ ಮನೆ ಮೇಲೆ ಮಾತ್ರ ಕಣ್ಣು.

ಹೆಬ್ಬಾಳ: ಶುರುವಾಯ್ತು.

ಅಡ್ಮಿನ್: ಇಬ್ಬರೂ ಪರ್ಸನಲ್ ಚಾಟಿಗೆ ಹೋಗಿ.

ಕೆಂಗೇರಿ: ಸೊಳ್ಳೆ ಬತ್ತಿ ಹಚ್ಚಿ ಪ್ಯೂರಿಫೈಯರ್ ಆನ್ ಮಾಡಿದ್ರೆ ಸಾಕಲ್ವಾ?

ಡಾಕ್ಟರ್: ಸಾಲದು. ಸೊಳ್ಳೆ ಪರದೆ ಕಟ್ಟಿ.

ಮೈಸೂರು: ಫಿಲ್ಟರ್ ತೊಳೀಬಹುದಾ?

ಡಾಕ್ಟರ್: ಹೊರಗಿನ ಜಾಲರಿ ತೊಳೀರಿ. ಹೆಪಾ ಬೇಡ, ನೆನೆದ್ರೆ ಹಾಳು.

ಜಯನಗರ: ಲವ್ ಬರ್ಡ್ಸ್ ಇರೋ ರೂಮಲ್ಲಿ ಇಡಬಹುದಾ ಮೇಡಂ?

ವೈಟ್‌ಫೀಲ್ಡ್: ಅದೆಲ್ಲ ಸರಿ, ಯಾವ ಕಂಪನಿ ಅಂತ ಹೇಳಿ ಸಾಕು.

ಡಾಕ್ಟರ್: ಕಂಪನಿ ಹೆಸರು ಹೇಳಲ್ಲ. ಮೇಲಿಂದ ಓದ್ಕೊಂಡು ಬನ್ನಿ.

ರಾಜಾಜಿನಗರ: ಮೇಡಂ, ಅಯೊನೈಜರ್ ಬಟನ್ ಇರೋದು ಒಳ್ಳೇದಾ? ಯಾವ ಕಂಪನಿ?

ಡಾಕ್ಟರ್: ಅಯೊನೈಜರ್ ಅಂದ್ರೆ ಗಾಳಿಗೆ ವಿದ್ಯುದಾವೇಶ ಕೊಡೋ ಭಾಗ. ಆ ಬಟನ್ ಆಫಲ್ಲಿರಲಿ, ಅದರಿಂದಲೂ ಓಝೋನ್ ಬರಬಹುದು. ಎರಡನೇ ಪ್ರಶ್ನೆಗೆ ಈಗಷ್ಟೇ ಉತ್ತರ ಕೊಟ್ಟೆ. ಯಲಹಂಕದವರೇ, ಪ್ಲಗ್ ತೆಗೆದ್ರಾ?

ಯಲಹಂಕ: ತೆಗೆದೆ ಮೇಡಂ. 12 ಸಾವಿರ ಕೊಟ್ಟಿದ್ವಿ, ಅಂಗಡಿಯವನು ವಾಪಸ್ ತಗೊಳ್ಳಲ್ಲ ಅಂತಿದ್ದಾನೆ.