ಒಂದು ಕೋರ್ ಶೇ 100, ಉಳಿದ ಮೂರು ಖಾಲಿ: ಇಂಟರಪ್ಟ್ ಹಂಚೋದು ಹೇಗೆ?

ಗೋಕುಲರೋಡ್:
ಹುಬ್ಬಳ್ಳಿಯಲ್ಲಿ ನಮ್ಮ ಪಿಜಿಗೆ ಲಿನಕ್ಸ್ ರೂಟರ್ ಮಾಡಿದ್ದೇನೆ. ನಾಲ್ಕು ಕೋರಿನ ಸೆಲೆರಾನ್, ಇಂಟೆಲ್ ಐ210 ನೆಟ್‌ವರ್ಕ್ ಕಾರ್ಡ್. ಸಂಜೆ ಹುಡುಗರು ರೂಮಿಗೆ ಬಂದರೆ ಸಾಕು, ಇಂಟರಪ್ಟ್ (ಪ್ಯಾಕೆಟ್ ಬಂತು ಅಂತ ಕಾರ್ಡ್ ಸಿಪಿಯುಗೆ ಕೊಡೋ ಕರೆ) ಬಂದ ಮೇಲಿನ ಕೆಲಸ ಮಾಡೋ ಕರ್ನಲ್ ಥ್ರೆಡ್ ಕೆಸಾಫ್ಟ್‌ಐಆರ್‌ಕ್ಯೂಡಿ ಸಿಪಿಯು 0 (ಮೊದಲ ಕೋರ್) ಪೂರ್ತಿ ತಿನ್ನುತ್ತದೆ. ಲೈನ್ ಸರಿಯಿದೆ. ತಲೆ ಕೆಟ್ಟುಹೋಗಿದೆ, ಯಾರಾದ್ರೂ ಹೇಳ್ರಿ.

ಸಾಧನಕೇರಿ:
ಐಆರ್‌ಕ್ಯೂಬ್ಯಾಲೆನ್ಸ್ ನಿಲ್ಲಿಸಿ, ಇಂಟರಪ್ಟ್ ತಾನೇ ಕೋರ್‌ಗಳಿಗೆ ಹಂಚೋ ಪ್ರೋಗ್ರಾಂ ಅದು. ಎಸ್‌ಎಂಪಿ ಅಫಿನಿಟಿಯಲ್ಲಿ ಕಾರ್ಡಿನ ಒಂದೊಂದು ಕ್ಯೂಗೆ (ಪ್ಯಾಕೆಟ್ ಸಾಲಿಗೆ) ಒಂದೊಂದು ಕೋರ್ ನೀವೇ ಬರೆಯಿರಿ.

ಗೋಕುಲರೋಡ್:
ಬರೆದೆ. ಅದೇ ರಾಗ, ಅದೇ ಹಾಡು.

ಸಾಧನಕೇರಿ:
ಸರಿಯಾಗಿ ಬರೆದಿರಲ್ಲ. ಮಾಸ್ಕ್ (ಕೋರ್ ಆರಿಸೋ ಸಂಖ್ಯೆ, ಕೋರಿಗೊಂದು ಬಿಟ್) 1, 2, 4, 8 ಇರಬೇಕು. ಮತ್ತೆ ನೋಡಿ.

ಬ್ಯಾಡಗಿಖಾರ:
ಈಥ್‌ಟೂಲ್‌ನಲ್ಲಿ ಆರ್‌ಎಕ್ಸ್-ಯೂಸೆಕ್ಸ್ ಜಾಸ್ತಿ ಮಾಡಿ, ಇಂಟರಪ್ಟ್ ಕೊಡೋ ಮೊದಲು ಕಾರ್ಡ್ ಕಾಯೋ ಹೊತ್ತು ಅದು. ಪ್ಯಾಕೆಟ್ ಒಂದಿಷ್ಟು ಕೂಡಿದ ಮೇಲೆ ಒಂದೇ ಇಂಟರಪ್ಟ್ ಬರುತ್ತದೆ.

ಸಾಧನಕೇರಿ:
ಕರ್ನಲ್ಲಿನಲ್ಲೇ ನಾಪಿ ಅನ್ನೋ ವ್ಯವಸ್ಥೆ ಇರೋವಾಗ ಅದ್ಯಾಕೆ? ಮೊದಲ ಇಂಟರಪ್ಟ್ ಬಂದ ಕೂಡಲೇ ಡ್ರೈವರ್ ಅದನ್ನು ಮುಚ್ಚಿ, ಸುತ್ತಿಗೆ 64 ಪ್ಯಾಕೆಟ್‌ವರೆಗೆ ಪೋಲ್ ಮಾಡುತ್ತದೆ (ತಾನೇ ಹೋಗಿ ಎತ್ತಿಕೊಳ್ಳುತ್ತದೆ). ಕ್ಯೂ ಖಾಲಿಯಾದ ಮೇಲೇ ಮತ್ತೆ ತೆರೆಯೋದು.

ಬ್ಯಾಡಗಿಖಾರ:
ಲೋಡ್ ಕಡಿಮೆ ಇದ್ದಾಗ ಕ್ಯೂ ಪದೇ ಪದೇ ಖಾಲಿಯಾಗುತ್ತೆ, ಪದೇ ಪದೇ ಇಂಟರಪ್ಟ್ ಬರುತ್ತೆ. ಆ ಸೆಟ್ಟಿಂಗ್ ಸುಮ್ನೆ ಇಟ್ಟಿದ್ದಾರಾ?

ಗದಗಲ್ಯಾಬ್:
ನನ್ನದು 10 ಗಿಗಾಬಿಟ್ ಕಾರ್ಡ್, ಹದಿನಾರು ಕೋರ್. ಇಂಥ ತಾಪತ್ರಯ ಇಲ್ಲವೇ ಇಲ್ಲ. ಫ್ಯಾನ್ ಸದ್ದು ತಾಳಲಾರದೆ ಮನೆಯವರು ಅಟ್ಟಕ್ಕೆ ಹಾಕಿಸಿದ್ದಾರೆ, ಅಷ್ಟೇ.

ಬ್ಯಾಡಗಿಖಾರ:
ಗದಗಿನ ಬ್ಯಾಸಗಿಯಲ್ಲಿ ಅಟ್ಟದ ಮೇಲೆ? ಹುಷಾರು ಮಾರಾಯರೇ.

ನವನಗರಕರ್ನಲ್:
ಮೂಲ ಪ್ರಶ್ನೆಗೆ ಬನ್ನಿ. ಪ್ರಾಕ್ ಇಂಟರಪ್ಟ್ಸ್ ಫೈಲಿನಲ್ಲಿ ವ್ಯಾನ್ (ಇಂಟರ್ನೆಟ್ ಕಡೆಯ) ಕಾರ್ಡಿನ ಎಷ್ಟು ಕ್ಯೂಗಳ ಎಣಿಕೆ ಏರುತ್ತಿದೆ?

ಗೋಕುಲರೋಡ್:
ಮೊದಲನೆಯದು ಮಾತ್ರ. ಉಳಿದವು ಅಲ್ಲಾಡ್ತಿಲ್ಲ.

ನವನಗರಕರ್ನಲ್:
ಪಿಪಿಪಿಒಇ ಲೈನಾ, ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಲಾಗಿನ್ ಆಗೋದು?

ಗೋಕುಲರೋಡ್:
ಹೌದ್ರಿ. ಎಲ್ಲರದ್ದೂ ಅದೇ ಅಲ್ವಾ?

ನವನಗರಕರ್ನಲ್:
ಇದನ್ನ ಮೊದಲು ಹೇಳಬಾರದಾ! ಆರ್‌ಎಸ್‌ಎಸ್ ಅಂದರೆ ಕಾರ್ಡೇ ಪ್ಯಾಕೆಟ್ ಹಂಚೋ ವ್ಯವಸ್ಥೆ; ಅದು ಐಪಿ ವಿಳಾಸ ನೋಡಿ, ಹ್ಯಾಶ್ ಮಾಡಿ (ಲೆಕ್ಕ ಹಾಕಿ ಒಂದು ಸಂಖ್ಯೆ ತೆಗೆದು), ಕ್ಯೂ ಆರಿಸುತ್ತದೆ. ಪಿಪಿಪಿಒಇ ಹೆಡರ್ ಹಿಂದೆ ಇರುವ ಐಪಿ ಈ ಕಾರ್ಡಿಗೆ ಕಾಣಲ್ಲ. ಹಾಗಾಗಿ ಬಂದದ್ದೆಲ್ಲ ಕ್ಯೂ 0ಕ್ಕೆ. ಅಫಿನಿಟಿ ತಿದ್ದಿದರೆ ಆ ಭಾರ ಬೇರೆ ಕೋರಿಗೆ ಹೋಗುತ್ತದೆ, ಹಂಚಿಹೋಗಲ್ಲ. ಆರ್‌ಪಿಎಸ್ ಹಾಕಿ, ಕೋರ್‌ಗಳಿಗೆ ಹಂಚೋ ಕೆಲಸ ಕರ್ನಲ್ಲೇ ಮಾಡುತ್ತದೆ. ಕರ್ನಲ್ 2.6.35ರಿಂದ ಇದೆ, ಹ್ಯಾಶನ್ನು ಸಾಫ್ಟ್‌ವೇರಿನಲ್ಲೇ ಮಾಡುತ್ತದೆ, ಪಿಪಿಪಿಒಇ ಒಳಗೂ ನೋಡುತ್ತದೆ. ಕ್ಯೂ 0ರ ಇಂಟರಪ್ಟ್ ಸಿಪಿಯು 0ರಲ್ಲೇ ಇರಲಿ. ಆರ್‌ಎಕ್ಸ್-0ರ ಆರ್‌ಪಿಎಸ್_ಸಿಪಿಯುಸ್ ಫೈಲಿಗೆ ಹೆಕ್ಸ್ 'ಇ' ಬರೆಯಿರಿ, ಅಂದರೆ ಉಳಿದ ಮೂರು ಕೋರ್.

ಗೋಕುಲರೋಡ್:
ನಾಲ್ಕೂ ಕೋರ್ ಕೆಲಸ ಮಾಡ್ತಿವೆ! ಪಿಂಗೂ ಇಳಿದಿದೆ. ರೀಬೂಟ್ ಆದರೆ ಅಳಿಸಿ ಹೋಗುತ್ತಲ್ಲ, ಎಲ್ಲಿ ಬರೆದಿಡಲಿ?

ನವನಗರಕರ್ನಲ್:
ಯೂಡೆವ್ ರೂಲಿನಲ್ಲಿ. ಕಾರ್ಡ್ ಕಂಡಾಗಲೆಲ್ಲ ತಾನೇ ಓಡುತ್ತದೆ.

ಸಾಧನಕೇರಿ:
ಐಆರ್‌ಕ್ಯೂಬ್ಯಾಲೆನ್ಸ್ ಮತ್ತೆ ಶುರು ಮಾಡಿಲ್ಲ ತಾನೇ?