ಇಲಾಖೆಯ ಸಿಮ್ ವಾಪಸ್ ಕೊಡುವ ಮುನ್ನ ಎಲ್ಲೆಲ್ಲಿ ನಂಬರ್ ಬದಲಿಸಬೇಕು, ಯಾವುದು ಮೊದಲು?

ಹೊಳೆಬಾಗಿಲು:
ಅಪ್ಪ ಮುಂದಿನ ತಿಂಗಳ ಕೊನೆಗೆ ಸರ್ಕಾರಿ ಕೆಲಸದಿಂದ ನಿವೃತ್ತರಾಗುತ್ತಾರೆ. ಇಲಾಖೆ ಕೊಟ್ಟ ಸಿಯುಜಿ ಸಿಮ್ (ಕಚೇರಿಯವರಿಗೆ ಒಂದೇ ಗುಂಪಾಗಿ ಕೊಡುವ ಸಿಮ್) ಹಿಂದಿರುಗಿಸಬೇಕು. ತೊಂದರೆ ಏನೆಂದರೆ ಆಧಾರ್, ಎರಡು ಬ್ಯಾಂಕ್ ಖಾತೆ, ಯುಪಿಐ, ವಾಟ್ಸಾಪ್, ಜಿಮೇಲ್, ಗ್ಯಾಸ್, ಫಾಸ್ಟ್ಯಾಗ್ ಎಲ್ಲದಕ್ಕೂ ಕೊಟ್ಟಿರುವುದು ಅದೊಂದೇ ನಂಬರ್. ಹೊಸ ಪ್ರೀಪೇಯ್ಡ್ ಸಿಮ್ ತಂದಾಗಿದೆ, ಫೋನಿನಲ್ಲಿ ಈಗ ಎರಡೂ ಇವೆ. ಎಲ್ಲಿಂದ ಶುರು ಮಾಡಬೇಕು? ಒಂದನ್ನು ಬದಲಿಸಿದರೆ ಇನ್ನೊಂದು ಕೈಕೊಡುತ್ತದೆಯೇ? ಹಳೆಯ ನಂಬರ್ ಒಂದಷ್ಟು ತಿಂಗಳು ಯಾರಿಗೂ ಹೋಗುವುದಿಲ್ಲ, ಉಳಿದದ್ದನ್ನು ನಿಧಾನಕ್ಕೆ ಮಾಡಬಹುದು ಎಂದು ಕೆಲವರು ಹೇಳುತ್ತಾರೆ. ಸರಿಯೇ?

ಕೀಲಿಕೈ:
ಕೊನೆಯ ಪ್ರಶ್ನೆಗೆ ಮೊದಲು ಉತ್ತರ: ನಿಮ್ಮ ವಿಷಯದಲ್ಲಿ ಅದು ಸರಿಯಲ್ಲ. ಸಾಮಾನ್ಯ ನಂಬರ್ ಕಡಿತವಾದರೆ ಕನಿಷ್ಠ 90 ದಿನ ಬೇರೆಯವರಿಗೆ ಕೊಡುವಂತಿಲ್ಲ. ಸಿಯುಜಿ ನಂಬರ್ ಕಡಿತವಾಗುವುದೇ ಇಲ್ಲವಲ್ಲ. ಅದು ಹುದ್ದೆಗೆ ಸೇರಿದ್ದು. ಆ ಕುರ್ಚಿಗೆ ಬರುವವರ ಕೈಗೆ ಮರುದಿನವೇ ಹೋಗಬಹುದು, ಅಪ್ಪನ ಒಟಿಪಿಗಳೂ ಅದರ ಜೊತೆಗೇ ಹೋಗುತ್ತವೆ. ಕಡಿತವಾದ ನಂಬರ್‌ಗಳ ಪಟ್ಟಿ ನೋಡಿ ಬ್ಯಾಂಕ್‌ಗಳು ತಮ್ಮ ದಾಖಲೆಯಿಂದ ತೆಗೆಯುವ ವ್ಯವಸ್ಥೆ ಇದೆ, ಆದರೆ ನಿಮ್ಮ ನಂಬರ್ ಆ ಪಟ್ಟಿಗೆ ಬರುವುದೇ ಇಲ್ಲ. ಹಾಗಾಗಿ ಸಿಮ್ ಕೈಬಿಡುವ ಮೊದಲೇ ಎಲ್ಲವೂ ಮುಗಿದಿರಬೇಕು. ಇಲಾಖೆ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಕೊಟ್ಟು ನಂಬರನ್ನು ಅಪ್ಪನ ಹೆಸರಿಗೆ ಬಿಟ್ಟುಕೊಡುತ್ತದೆಯೇ ಎಂದು ಒಮ್ಮೆ ಲಿಖಿತವಾಗಿ ಕೇಳಿ, ಆದರೆ ಅದನ್ನೇ ನಂಬಿ ಕೂರಬೇಡಿ.

ಶುರು ಮಾಡಬೇಕಾದದ್ದು ಆಧಾರ್‌ನಿಂದ. ಆದಾಯ ತೆರಿಗೆ ಪೋರ್ಟಲ್, ಡಿಜಿಲಾಕರ್, ಸಾರಿಗೆ ಇಲಾಖೆಯ ಸೇವೆಗಳು ಎಲ್ಲವೂ ಎಲ್ಲೋ ಒಂದು ಹಂತದಲ್ಲಿ ಆಧಾರ್ ಒಟಿಪಿ ಕೇಳುತ್ತವೆ. ಅಪ್ಪ ಖುದ್ದಾಗಿ ಆಧಾರ್ ಸೇವಾ ಕೇಂದ್ರಕ್ಕೆ ಹೋಗಿ ಬೆರಳಚ್ಚು ಕೊಟ್ಟರೆ ಆಯಿತು. ನಂಬರ್ ಬದಲಿಸಲು ದಾಖಲೆ ಏನೂ ಬೇಡ. ವಯಸ್ಸಾದವರ ಬೆರಳಚ್ಚು ಕೆಲವೊಮ್ಮೆ ಹೊಂದುವುದಿಲ್ಲ. ಆಗ ಕಣ್ಣಿನ ಪಾಪೆ ಸ್ಕ್ಯಾನ್ ಮಾಡಲು ಕೇಳಿ. ಕೊಡುವ ಸ್ಲಿಪ್‌ನಲ್ಲಿ ಒಂದು ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಎಸೆಯಬೇಡಿ.

ಹೊಸ ಸಿಮ್ ಅಪ್ಪನ ಹೆಸರಿನಲ್ಲೇ ಇರಲಿ, ಮಗನ ಹೆಸರಿನಲ್ಲಿ ಬೇಡ. ಮುಂದೆ ಸಿಮ್ ಕಳೆದರೆ ಡೂಪ್ಲಿಕೇಟ್ ಸಿಗುವುದು ಹೆಸರಿದ್ದವರಿಗೆ ಮಾತ್ರ.

ಪಾಸ್‌ಬುಕ್:
ಬ್ಯಾಂಕ್ ಮತ್ತು ಯುಪಿಐ ಬಗ್ಗೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಜನ ಸಿಕ್ಕಿಬೀಳುವುದು ಇಲ್ಲೇ.

ಎರಡೂ ಬ್ಯಾಂಕ್‌ಗಳನ್ನು ಒಂದೇ ದಿನ ಬದಲಿಸಬೇಡಿ. ನಂಬರ್ ಬದಲಾದ ಕೂಡಲೇ ಆ ಖಾತೆಯ ಯುಪಿಐ ಕಡಿದುಹೋಗುತ್ತದೆ, ಹೊಸ ನಂಬರ್‌ನಿಂದ ಮತ್ತೆ ನೋಂದಾಯಿಸಬೇಕು. ಒಂದು ಬ್ಯಾಂಕ್ ಪೂರ್ತಿ ಸರಿಯಾಗಿ, ಒಂದು ರೂಪಾಯಿ ಕಳಿಸಿ ನೋಡಿದ ಮೇಲೆ ಎರಡನೆಯದನ್ನು ಮುಟ್ಟಿ. ಅಲ್ಲಿಯವರೆಗೆ ಔಷಧಿ, ತರಕಾರಿಗೆ ದುಡ್ಡು ಕೊಡಲು ಇನ್ನೊಂದು ಖಾತೆ ಇರುತ್ತದೆ.

ಮರು ನೋಂದಣಿಯಲ್ಲಿ ಆ್ಯಪ್ ತಾನೇ ಒಂದು ಎಸ್ಸೆಮ್ಮೆಸ್ ಕಳಿಸಿ ಸಿಮ್ ಗುರುತಿಸುತ್ತದೆ. ಫೋನಿನಲ್ಲಿ ಎರಡು ಸಿಮ್ ಇದ್ದಾಗ ತಪ್ಪು ಸಿಮ್ ಆರಿಸಿದರೆ, ಅಥವಾ ಹೊಸ ಸಿಮ್‌ನ ಪ್ಲಾನ್‌ನಲ್ಲಿ ಹೊರಹೋಗುವ ಎಸ್ಸೆಮ್ಮೆಸ್ ಇಲ್ಲದಿದ್ದರೆ ಇಲ್ಲೇ ನಿಲ್ಲುತ್ತದೆ. ಡೇಟಾ ಇದ್ದರೂ ಉಪಯೋಗವಿಲ್ಲ. ಅಗ್ಗದ ಕೆಲವು ಪ್ಲಾನ್‌ಗಳಲ್ಲಿ ಎಸ್ಸೆಮ್ಮೆಸ್ ಇರುವುದಿಲ್ಲ, ರೀಚಾರ್ಜ್ ಮಾಡುವಾಗಲೇ ನೋಡಿಕೊಳ್ಳಿ.

ಯುಪಿಐ ಪಿನ್ ಇಡಲು ಮುಖ್ಯವಾಗಿ ಎರಡು ದಾರಿ ಇವೆ. ಡೆಬಿಟ್ ಕಾರ್ಡ್‌ನ ಕೊನೆಯ 6 ಅಂಕಿ ಮತ್ತು ಅವಧಿ ಮುಗಿಯುವ ತಿಂಗಳು-ವರ್ಷ ಒಂದು, ಆಧಾರ್ ಒಟಿಪಿ ಇನ್ನೊಂದು. ಆಧಾರ್ ದಾರಿಯಲ್ಲಿ ಹೋಗಬೇಕಾದರೆ ಬ್ಯಾಂಕ್‌ನಲ್ಲೂ ಆಧಾರ್‌ನಲ್ಲೂ ಒಂದೇ ನಂಬರ್ ಇರಬೇಕು. ಒಂದರಲ್ಲಿ ಹೊಸದು, ಇನ್ನೊಂದರಲ್ಲಿ ಹಳೆಯದು ಇರುವ ಆ ನಡುವಿನ ದಿನಗಳಲ್ಲಿ ಇದು ಕೆಲಸ ಮಾಡುವುದಿಲ್ಲ. ಡೆಬಿಟ್ ಕಾರ್ಡ್ ಅವಧಿ ಮುಗಿದಿದೆಯೇ ಎಂದು ಈಗಲೇ ನೋಡಿ.

ಹೊಸದಾಗಿ ನೋಂದಾಯಿಸಿದ ಮೊದಲ 24 ಗಂಟೆ ಸಾಮಾನ್ಯವಾಗಿ 5,000 ರೂಪಾಯಿಗಿಂತ ಹೆಚ್ಚು ಕಳಿಸಲಾಗದು. ದೊಡ್ಡ ಪಾವತಿ ಇದ್ದರೆ ಮೊದಲೇ ಮುಗಿಸಿಕೊಳ್ಳಿ. ವಿಮೆ ಕಂತು, ಎಸ್‌ಐಪಿ (ಮ್ಯೂಚುವಲ್ ಫಂಡ್ ಕಂತು) ಇತ್ಯಾದಿಗೆ ಆಟೊಪೇ, ಅಂದರೆ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ, ಇಟ್ಟಿದ್ದರೆ ನಂಬರ್ ಬದಲಿಸುವ ಮೊದಲು ಆ್ಯಪ್‌ನ ಆಟೊಪೇ ಪುಟದ ಸ್ಕ್ರೀನ್‌ಶಾಟ್ ತೆಗೆದಿಡಿ, ಆಮೇಲೆ ಒಂದೊಂದಾಗಿ ತಾಳೆ ನೋಡಿ. ಕಂತು ತಪ್ಪಿದ್ದು ತಿಂಗಳ ನಂತರ ಗೊತ್ತಾಗುವುದು ಬೇಡ. ಯುಪಿಐ ಲೈಟ್‌ನಲ್ಲಿ (ಪಿನ್ ಇಲ್ಲದೆ ಸಣ್ಣ ಪಾವತಿ ಮಾಡಲು ಆ್ಯಪ್‌ನಲ್ಲಿ ಇಡುವ ಮೊತ್ತ) ಹಣ ಇದ್ದರೆ ಮೊದಲೇ ಖಾತೆಗೆ ವಾಪಸ್ ಹಾಕಿಬಿಡಿ.

ಪಿಂಚಣಿ ಕಾಗದಗಳಲ್ಲಿ ಹೊಸ ನಂಬರನ್ನೇ ಬರೆಯಿಸಿ. ಈಗಾಗಲೇ ಹಳೆಯದು ಬರೆದು ಕಳಿಸಿದ್ದರೆ ತಿದ್ದುಪಡಿ ಪತ್ರ ಈಗಲೇ ಹೋಗಲಿ.

ಹೊಳೆಬಾಗಿಲು:
ತುಂಬಾ ಉಪಕಾರವಾಯಿತು. ಎರಡು ಅನುಮಾನ. ಆಧಾರ್‌ನಲ್ಲಿ ನಂಬರ್ ನಿಜವಾಗಿ ಬದಲಾಯಿತೋ ಇಲ್ಲವೋ ಹೇಗೆ ತಿಳಿಯುವುದು? ಇನ್ನು, ಈ ನಂಬರ್ ಬೇರೆ ಎಲ್ಲೆಲ್ಲಿ ಕೊಟ್ಟಿದ್ದಾರೆ ಎನ್ನುವುದು ಅಪ್ಪನಿಗೇ ನೆನಪಿಲ್ಲ.

ಮೂರನೇ ಗೇರ್:
ಆಧಾರ್ ವೆಬ್‌ಸೈಟಿನಲ್ಲಿ ಮೊಬೈಲ್ ನಂಬರ್ ಪರಿಶೀಲಿಸುವ ಪುಟ ಇದೆ. ಆಧಾರ್ ಸಂಖ್ಯೆ ಮತ್ತು ಹೊಸ ನಂಬರ್ ಹಾಕಿದರೆ ಹೊಂದುತ್ತದೋ ಇಲ್ಲವೋ ಹೇಳುತ್ತದೆ. ಕೆಲವರಿಗೆ ಬೇಗ ಆಗುತ್ತದೆ, ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಅದಕ್ಕೇ ಇದು ಮೊದಲು.

ಮರೆತ ಖಾತೆಗಳನ್ನು ಹುಡುಕಲು ಎಸ್ಸೆಮ್ಮೆಸ್ ಪೆಟ್ಟಿಗೆಗಿಂತ ಒಳ್ಳೆಯ ಜಾಗ ಇಲ್ಲ. ಈಗ ಸಂಸ್ಥೆಗಳಿಂದ ಬರುವ ಸಂದೇಶಗಳಲ್ಲಿ ಕಳಿಸಿದವರ ಹೆಸರಿನ ಕೊನೆಗೆ ಒಂದು ಇಂಗ್ಲಿಷ್ ಅಕ್ಷರ ಇರುತ್ತದೆ. ‘ಪಿ’ ಇದ್ದರೆ ಜಾಹೀರಾತು, ಬಿಟ್ಟುಬಿಡಿ. ‘ಟಿ’ ಅಂದರೆ ವಹಿವಾಟು, ‘ಎಸ್’ ಅಂದರೆ ಸೇವೆ, ‘ಜಿ’ ಅಂದರೆ ಸರ್ಕಾರ. ಈ ಮೂರರಲ್ಲಿ ಕೊನೆಗೊಳ್ಳುವ ಹೆಸರುಗಳನ್ನು ಒಂದು ವರ್ಷ ಹಿಂದಿನವರೆಗೆ ನೋಡಿ ಕಾಗದದಲ್ಲಿ ಬರೆದುಕೊಳ್ಳಿ. ವರ್ಷ ಯಾಕೆಂದರೆ ವಾಹನ ವಿಮೆ, ಮನೆ ತೆರಿಗೆಯಂಥವು ವರ್ಷಕ್ಕೊಮ್ಮೆ ಮಾತ್ರ ಬಾಯಿಬಿಡುತ್ತವೆ. ಗ್ಯಾಸ್ ಮರೆಯಬೇಡಿ, ಸಿಲಿಂಡರ್ ತಂದಾಗ ಕೇಳುವ ಕೋಡ್ ನೋಂದಾಯಿತ ನಂಬರಿಗೇ ಬರುವುದು. ವಾಹನದ ದಾಖಲೆಯಲ್ಲಿ ನಂಬರ್ ಬದಲಿಸುವಾಗ ಆರ್‌ಸಿ ಕೈಯಲ್ಲಿರಲಿ, ಚಾಸಿ ಮತ್ತು ಎಂಜಿನ್ ನಂಬರ್ ಕೇಳುತ್ತಾರೆ.

ಜಿಮೇಲ್‌ನಲ್ಲಿ ನಂಬರ್ ಎರಡು ಕಡೆ ಇರುತ್ತದೆ. ಖಾತೆ ಮರಳಿ ಪಡೆಯುವ ನಂಬರ್ ಬೇರೆ, ಎರಡು ಹಂತದ ಪರಿಶೀಲನೆಯ ನಂಬರ್ ಬೇರೆ. ಒಂದನ್ನು ಬದಲಿಸಿ ಎಲ್ಲ ಮುಗಿಯಿತು ಅಂದುಕೊಳ್ಳುವವರೇ ಹೆಚ್ಚು. ಬದಲಿಸಿದ ಮೇಲೂ 7 ದಿನ ಹಳೆಯ ನಂಬರಿಗೆ ಕೋಡ್ ಹೋಗುವ ಸಾಧ್ಯತೆ ಇರುವುದರಿಂದ ಸಿಮ್ ಕೊಡುವ ಹಿಂದಿನ ದಿನಕ್ಕೆ ಇದನ್ನು ಇಟ್ಟುಕೊಳ್ಳಬೇಡಿ. ಅಲ್ಲೇ ಫೋನ್ ಕೈಯಲ್ಲಿಲ್ಲದಾಗ ಒಳಹೋಗಲು 10 ಬ್ಯಾಕಪ್ ಕೋಡ್ ಸಿಗುತ್ತವೆ, ಪ್ರಿಂಟ್ ತೆಗೆದು ಪಾಸ್‌ಬುಕ್ ಜೊತೆ ಇಡಿ.

ವಾಟ್ಸಾಪ್‌ನಲ್ಲಿ ಹೊಸದಾಗಿ ಖಾತೆ ತೆರೆಯಬೇಡಿ. ಸೆಟ್ಟಿಂಗ್ಸ್, ಅಕೌಂಟ್, ಅಲ್ಲಿ ನಂಬರ್ ಬದಲಿಸುವ ಆಯ್ಕೆ ಇದೆ. ಗುಂಪುಗಳು, ಹಳೆಯ ಮಾತುಕತೆ ಹಾಗೇ ಉಳಿಯುತ್ತವೆ. ಆಮೇಲೆ ಅಲ್ಲೇ ಎರಡು ಹಂತದ ಪರಿಶೀಲನೆಗೆ 6 ಅಂಕಿಯ ಪಿನ್ ಇಡಿ.

ಕೀಲಿಕೈ:
ಒಂದು ಸೇರಿಸುತ್ತೇನೆ. ಈ ಅವಧಿಯಲ್ಲಿ ಹೊಸ ಸಿಮ್ಮನ್ನು ಇ-ಸಿಮ್ ಮಾಡಿಸುವುದು, ಡೂಪ್ಲಿಕೇಟ್ ಪಡೆಯುವುದು ಬೇಡ. ಸಿಮ್ ಬದಲಾದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬರುವುದಿಲ್ಲ, ಅಂದರೆ ಒಟಿಪಿಯೂ ಇಲ್ಲ.

ಎಲ್ಲ ಬದಲಿಸಿದ ಮೇಲೆ ಹಳೆಯ ಸಿಮ್ಮನ್ನು ಒಂದು ವಾರ ಯಾವುದಾದರೂ ಸಾದಾ ಫೋನಿಗೆ ಹಾಕಿಡಿ. ಅದಕ್ಕೆ ಬ್ಯಾಂಕಿನ ಸಂದೇಶ ಏನಾದರೂ ಬಂದರೆ ಅಲ್ಲೊಂದು ಬಾಕಿ ಇದೆ ಎಂದರ್ಥ. ಹಿಂದಿರುಗಿಸುವಾಗ ಸಿಮ್ ಪಿನ್ ಹಾಕಿದ್ದರೆ ತೆಗೆದು ಕೊಡಿ, ಕರೆ ಫಾರ್ವರ್ಡಿಂಗ್ ಇದ್ದರೆ ##002# ಒತ್ತಿ ರದ್ದು ಮಾಡಿ, ಕೊಟ್ಟ ದಿನಾಂಕ ನಮೂದಿಸಿದ ಸ್ವೀಕೃತಿ ಪತ್ರವನ್ನು ಕಚೇರಿಯಿಂದ ಬರೆಸಿಕೊಳ್ಳಿ.