ದಿನಾಂಕದ ಬಾಕ್ಸ್ ಒಮ್ಮೆ ಬರುತ್ತೆ, ಒಮ್ಮೆ ಬರಲ್ಲ – ಡಬ್ಲ್ಯೂಎಕ್ಸ್‌ವಿಜೆಟ್ಸ್, ವಿಂಡೋಸ್

ಮಂಡಿಕೋಡ್, ಕೋಲಾರ:
ಟೊಮೆಟೊ ಮಂಡಿಯ ಹರಾಜು ಚೀಟಿಗೆ ದಿನಾಂಕ, ಸಮಯ ಎರಡೂ ಒಂದೇ ಬಾಕ್ಸಲ್ಲಿ ಬೇಕು. ನಾನು ಬಳಸೋ ಡಬ್ಲ್ಯೂಎಕ್ಸ್‌ವಿಜೆಟ್ಸ್ (ಪರದೆ ಕಟ್ಟೋ ಲೈಬ್ರರಿ, ಚಿಕ್ಕದಾಗಿ ಡಬ್ಲ್ಯೂಎಕ್ಸ್) ಕೊಡೋ ದಿನಾಂಕದ ಬಾಕ್ಸ್ ಡಬ್ಲ್ಯೂಎಕ್ಸ್‌ಡೇಟ್‌ಪಿಕರ್‌ಕಂಟ್ರೋಲ್ ಸಮಯ ತೋರಿಸಲ್ಲ. ಅದಕ್ಕೇ ವಿಂಡೋಸ್‌ನ ಕ್ರಿಯೇಟ್‌ವಿಂಡೋಎಕ್ಸ್ ಕರೆಯಲ್ಲಿ ವಿಂಡೋಸ್‌ನದೇ ಡೇಟ್-ಟೈಮ್ ಬಾಕ್ಸ್ ಸಿಸ್‌ಡೇಟ್‌ಟೈಮ್‌ಪಿಕ್32 ಮಾಡಿ, ಅದರ ಹ್ಯಾಂಡಲನ್ನ (ವಿಂಡೋ ಗುರುತು) ಅಂಥ ಬಾಕ್ಸನ್ನ ಡಬ್ಲ್ಯೂಎಕ್ಸ್ ಒಳಗೆ ಸೇರಿಸೋ ಡಬ್ಲ್ಯೂಎಕ್ಸ್‌ನೇಟಿವ್‌ವಿಂಡೋಗೆ ಕೊಟ್ಟಿದ್ದೀನಿ. ಪ್ರೋಗ್ರಾಂ ಶುರುವಾದ ಕೂಡಲೇ ಚೀಟಿ ತೆರೆದರೆ ಆ ಜಾಗ ಖಾಲಿ. ಮೊದಲು ವರದಿ ಪರದೆ ತೆರೆದು ಆಮೇಲೆ ಚೀಟಿಗೆ ಬಂದರೆ ಸರಿಯಾಗಿ ಬರುತ್ತೆ. ಲಾಗ್ ಬರೆದ ಮೇಲೆ ಗೆಟ್‌ಲಾಸ್ಟ್‌ಎರರ್ (ಕೊನೆಯ ದೋಷದ ಸಂಖ್ಯೆ) ನೋಡಿದರೆ ಸೊನ್ನೆ. ಬಟನ್‌ಗಳೂ ಹಳೇ ವಿಂಡೋಸ್ ತರ ಕಾಣ್ತಿವೆ.

ಶಿರಾಗೇಟ್, ತುಮಕೂರು:
ಲಾಗ್‌ಗಿಂತ ಮೊದಲು, ಕ್ರಿಯೇಟ್‌ವಿಂಡೋಎಕ್ಸ್‌ನ ಮರುಸಾಲಿನಲ್ಲೇ ಗೆಟ್‌ಲಾಸ್ಟ್‌ಎರರ್ ಓದಿ ಸರ್. ನಡುವಿನ ಕರೆಗಳು ಆ ಸಂಖ್ಯೆಯನ್ನ ಅಳಿಸಿಬಿಡುತ್ತವೆ. 1407 ಬರಬೇಕು, ಅಂದರೆ ಆ ವಿಂಡೋ ಕ್ಲಾಸ್ (ಬಾಕ್ಸಿನ ಮಾದರಿ) ಇನ್ನೂ ನೋಂದಣಿಯೇ ಆಗಿಲ್ಲ. ವರದಿ ಪರದೆಯಲ್ಲಿ ಡಬ್ಲ್ಯೂಎಕ್ಸ್‌ನದೇ ಡೇಟ್‌ಪಿಕರ್ ಇರಬೇಕು. ಅದು ಹುಟ್ಟುವಾಗ ಆ ನೋಂದಣಿ ತಾನೇ ಮಾಡಿಕೊಳ್ಳುತ್ತೆ, ನಿಮ್ಮದು ಅದರ ನೆರಳಲ್ಲಿ ಬದುಕುತ್ತಿದೆ. ಇನಿಟ್‌ಕಾಮನ್‌ಕಂಟ್ರೋಲ್ಸ್‌ಎಕ್ಸ್ ಅನ್ನ ಐಸಿಸಿ_ಡೇಟ್_ಕ್ಲಾಸಸ್ ಜೊತೆ ನೀವೇ ಕರೆಯಿರಿ. ಅದಕ್ಕೆ ಕೊಡೋ ಸ್ಟ್ರಕ್ಚರಿನ ಅಳತೆ ಡಿಡಬ್ಲ್ಯೂಸೈಜ್ ತುಂಬದಿದ್ದರೆ ಆ ಕರೆಯೇ ಸೋಲುತ್ತೆ.

ಹಳೇ ಬಟನ್ ಅಂದರೆ ಮ್ಯಾನಿಫೆಸ್ಟ್ (ಯಾವ ಆವೃತ್ತಿ ಬೇಕು ಅಂತ ಹೇಳೋ ಫೈಲ್) ಸೇರಿಲ್ಲ, ಬಟನ್ ಬಿಡಿಸೋ ವಿಂಡೋಸ್ ಲೈಬ್ರರಿ ಕಾಮ್‌ಸಿಟಿಎಲ್32 ಆವೃತ್ತಿ 6ರ ಬದಲು 5.82 ಓಡ್ತಿದೆ. ರಿಸೋರ್ಸ್ ಫೈಲಿಗೆ ಡಬ್ಲ್ಯೂಎಕ್ಸ್/ಎಂಎಸ್‌ಡಬ್ಲ್ಯೂ/ಡಬ್ಲ್ಯೂಎಕ್ಸ್.ಆರ್‌ಸಿ ಇನ್‌ಕ್ಲೂಡ್ ಮಾಡಿ.

ಮಂಡಿಕೋಡ್:
1407ನೇ ಇತ್ತು, ಹೋಯ್ತು. ಈಗ 1406.

ನಂದಿತಪ್ಪಲು, ಚಿಕ್ಕಬಳ್ಳಾಪುರ:
1406 ಅಂದರೆ ಡಬ್ಲ್ಯೂಎಸ್_ಚೈಲ್ಡ್ (ಇದು ಬೇರೆ ವಿಂಡೋ ಒಳಗಿನ ಬಾಕ್ಸ್ ಅನ್ನೋ ಗುರುತು) ಇದೆ, ಪೇರೆಂಟ್ (ಹೊರಗಿನ ವಿಂಡೋ) ಹ್ಯಾಂಡಲ್ ಮಾತ್ರ ಸೊನ್ನೆ. ಪ್ಯಾನೆಲ್‌ನ ಕ್ರಿಯೇಟ್ ಮುಗಿಯೋ ಮೊದಲೇ ಅದರ ಹ್ಯಾಂಡಲ್ ಕೇಳೋ ಗೆಟ್‌ಎಚ್‌ವಿಂಡ್ ಕರೆದಿದ್ದೀರಿ. ಮೊದಲು ಪ್ಯಾನೆಲ್ ಕ್ರಿಯೇಟ್, ಆಮೇಲೆ ನೇಟಿವ್ ಕಂಟ್ರೋಲ್, ಕೊನೆಗೆ ಡಬ್ಲ್ಯೂಎಕ್ಸ್‌ನೇಟಿವ್‌ವಿಂಡೋ. ಎರಡಕ್ಕೂ ಪೇರೆಂಟ್ ಅದೇ ಪ್ಯಾನೆಲ್ ಆಗಿರಬೇಕು. ಫ್ರೇಮಿನ ಹ್ಯಾಂಡಲ್ ಕೊಟ್ಟರೆ ಅಸರ್ಟ್ (ತಪ್ಪಿನ ಎಚ್ಚರಿಕೆ) ಬೀಳುತ್ತೆ.

ಅಗಲ, ಎತ್ತರ 0 ಕೊಡಬೇಡಿ. ಬಾಕ್ಸ್‌ಗಳಿಗೆ ಜಾಗ ಹಂಚೋ ಸೈಜರ್ ಕೇಳಿದಾಗ ಡಬ್ಲ್ಯೂಎಕ್ಸ್ ಈಗಿನ ಅಳತೆಯನ್ನೇ ಹೇಳುತ್ತೆ, ಆಗ ಬಾಕ್ಸ್ ಹುಟ್ಟಿಯೂ ಕಾಣಲ್ಲ. 180, 24 ಇಟ್ಟು ನೋಡಿ. ಬಾಕ್ಸ್ ಅಳಿಸೋ ಡಿಸ್ಟ್ರಾಯ್‌ವಿಂಡೋ ನೀವು ಕರೆಯೋದು ಬೇಡ, ಅದು ಡಬ್ಲ್ಯೂಎಕ್ಸ್‌ನ ಕೆಲಸ. ಹ್ಯಾಂಡಲ್ ನಿಮ್ಮಲ್ಲೇ ಉಳಿಯಬೇಕಿದ್ದರೆ ಡಿಸೋನ್ ಕರೆಯಿರಿ.

ದಿನಾಂಕ ತೋರಿಸೋ ಕ್ರಮ ಹೇಳೋ ಡಿಟಿಎಂ_ಸೆಟ್‌ಫಾರ್ಮ್ಯಾಟ್‌ನಲ್ಲಿ ದೊಡ್ಡಕ್ಷರದ ಎಂಎಂ ತಿಂಗಳು, ಚಿಕ್ಕಕ್ಷರದ್ದು ನಿಮಿಷ. ಅದಲುಬದಲಾದರೆ ಚೀಟಿಯ ತಾರೀಖೇ ಕೆಡುತ್ತೆ, ರೈತರ ಲೆಕ್ಕವೂ ಕೆಡುತ್ತೆ. ಲಿನಕ್ಸ್‌ಗೂ ಕೊಡೋದಾದರೆ ಈ ಕೋಡನ್ನ ವಿಂಡೋಸ್‌ಗಷ್ಟೇ ಇಟ್ಟು, ಲಿನಕ್ಸ್‌ನಲ್ಲಿ ಡಬ್ಲ್ಯೂಎಕ್ಸ್‌ನ ಡೇಟ್‌ಪಿಕರ್, ಟೈಮ್‌ಪಿಕರ್ ಎರಡನ್ನೂ ಅಕ್ಕಪಕ್ಕ ಹಾಕಿ.